ಮೂರು ಜೋಡಿ ಡಿಸ್ಕು, ಎರಡು ಕೆಂಪು ದೀಪ

ನಲವತ್ತೇಳಕ್ಕೇ ನಿವೃತ್ತನಾದೆ ಎಂದರೆ ಜನ ಮೊದಲು ನನ್ನ ತಲೆಗೂದಲು ನೋಡುತ್ತಾರೆ, ಆಮೇಲೆ ದನಿ ತಗ್ಗಿಸಿ ಏನಾದರೂ ಕಾಯಿಲೆಯೇ ಎಂದು ವಿಚಾರಿಸುತ್ತಾರೆ. ಕಾಯಿಲೆ ಬಂದದ್ದು ನನಗಲ್ಲ, ನನ್ನ ಕೆಲಸಕ್ಕೆ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಹೋಟೆಲಿನ ಮಹಡಿ ಮೇಲೆ ನಮ್ಮ ಕಂಪ್ಯೂಟರ್ ರಿಪೇರಿ ಕಚೇರಿ ಇತ್ತು. ನಾವು ನೋಡಿಕೊಳ್ಳುತ್ತಿದ್ದ ಸರ್ವರುಗಳು ಒಂದೊಂದಾಗಿ ನಿಂತವು, ಅವುಗಳಲ್ಲಿದ್ದ ಮಾಹಿತಿಯೆಲ್ಲ ಇಂಟರ್‌ನೆಟ್ಟಿನಲ್ಲಿ ಹರಿದು ಯಾವುದೋ ದೂರದ ಕಟ್ಟಡಕ್ಕೆ ಹೋಗಿ ಸೇರಿತು. ಕಡೆಗೆ ರಿಪೇರಿಗೆ ಉಳಿದದ್ದು ನಮ್ಮ ಕಚೇರಿಯದೇ ಫ್ಯಾನು. ಅದನ್ನು ಸರಿಮಾಡಲು ನಮಗೆ ಬರುತ್ತಿರಲಿಲ್ಲ.

ಈಗ ಆ ದೂರದ ಕಟ್ಟಡಗಳಲ್ಲಿ ಕೆಲಸಕ್ಕೆ ಸೇರುವವರಿಗೆ ಡಿಸ್ಕುಗಳ ಜೋಡಣೆಯನ್ನು ಬಣ್ಣದ ಚಿತ್ರ ತೋರಿಸಿ ಕಲಿಸುತ್ತಾರಂತೆ. ಒಂದೆರಡು ಚಿತ್ರ ನಾನೂ ನೋಡಿದ್ದೇನೆ. ಚೆನ್ನಾಗಿವೆ, ತಪ್ಪೇನಿಲ್ಲ. ಆದರೆ ಅವುಗಳಲ್ಲಿ ಮನುಷ್ಯರಿಲ್ಲ. ನನ್ನ ಅನುಭವದಲ್ಲಿ ಡಿಸ್ಕು ತಾನಾಗಿ ಕೆಟ್ಟದ್ದು ಕಮ್ಮಿ, ನಾವು ಸುತ್ತ ನಿಂತು ಕೆಡಿಸಿದ್ದೇ ಜಾಸ್ತಿ. ಹಾಗಾಗಿ ಚಿತ್ರದಲ್ಲಿ ಬಿಟ್ಟುಹೋದವರನ್ನು ಇಲ್ಲಿ ಸೇರಿಸುತ್ತಿದ್ದೇನೆ. ಮೊದಲನೆಯವನು ನಾನೇ.

ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು. ಓದಿದ್ದು ಎಲೆಕ್ಟ್ರಾನಿಕ್ಸ್, ಬರುತ್ತಿದ್ದುದು ಅಣಕ. ಮೋಡೆಮ್ ಕಿರುಚುವುದು, ಪ್ರಿಂಟರ್ ಕಾಗದ ನುಂಗಿ ಕೆಮ್ಮುವುದು, ಬಾಣಾವರದ ಬಸ್ಸು ಗೇರ್ ಬದಲಿಸುವುದು, ಎಲ್ಲ ಮಾಡುತ್ತಿದ್ದೆ. ಆದರೆ ನನ್ನ ಮುಖ್ಯ ಕಸುಬು ನಮ್ಮ ಮೇಲಧಿಕಾರಿ ನಂಜುಂಡಯ್ಯ ಸಾರ್. ಅವರು ರೇಡಿಯೋ ರಿಪೇರಿಯಿಂದ ಬಂದವರು. ಯಾವ ಯಂತ್ರ ಎದುರಿಗಿಟ್ಟರೂ ಮೊದಲು ಅಂಗೈಯಿಂದ ಒಂದು ತಟ್ಟುತ್ತಿದ್ದರು, ಆಮೇಲೆ ಕಿವಿಗೊಟ್ಟು ಕೇಳುತ್ತಿದ್ದರು, ಆಮೇಲೆ ಮೂಗಿನಲ್ಲಿ 'ಹ್ಞೂಂ, ಒಳಗಡೆ ಏನೋ ಐತೆ' ಎನ್ನುತ್ತಿದ್ದರು. ಆ ರೋಗನಿರ್ಣಯ ಒಂದು ಸಲವೂ ಸುಳ್ಳಾಗಲಿಲ್ಲ.

ಊರೂರು ತಿರುಗುವ ನಾವು ಸಂಜೆ ಐದಕ್ಕೆ ಎಲ್ಲಿದ್ದರೂ ಅಲ್ಲಿಂದ ಸಾರ್‌ಗೆ ಫೋನ್ ಮಾಡಬೇಕು ಎಂಬುದು ಕಚೇರಿಯ ನಿಯಮ. ನಾನು ಮಾಡುತ್ತಿದ್ದೆ, ಆದರೆ ನನ್ನ ದನಿಯಲ್ಲಲ್ಲ. ಬೇಲೂರಿನಲ್ಲಿದ್ದರೆ ಅಲ್ಲಿನ ಗಿರಾಕಿಯ ದನಿ, ಹಳೇಬೀಡಿನಲ್ಲಿದ್ದರೆ ಅಲ್ಲಿನವರದು. ಹಗರೆಯ ಪದ್ಮಾವತಿಯವರ ದನಿ ಮಾತ್ರ ನನ್ನ ಶ್ರೇಷ್ಠ ಕೃತಿ. ಅವರು ಬಸ್ತಿಹಳ್ಳಿಯಿಂದ ದಿನಾ ಹಗರೆಗೆ ಬಂದು ಕಂಪ್ಯೂಟರ್ ಕೆಲಸ ಮಾಡುತ್ತಿದ್ದವರು. ಮಾತಿಗೆ ಮೊದಲು ಸಣ್ಣಗೆ ಗಂಟಲು ಸರಿಮಾಡಿಕೊಂಡು, 'ನಮಸ್ಕಾರ, ನಾನು ಪದ್ಮಾವತೀ' ಎಂದು ಕೊನೆಯ ಅಕ್ಷರವನ್ನು ಬೇಲೂರಿನವರೆಗೂ ಎಳೆಯುತ್ತಿದ್ದರು. ಆ ದನಿಯಲ್ಲಿ ಒಂದು ಸಂಜೆ ನಾನು ಸಾರ್‌ಗೆ ಫೋನ್ ಮಾಡಿ, ಸರ್ವರಿನೊಳಗೆ ಇಲಿ ಮರಿ ಹಾಕಿದೆ ಅಂದೆ. ಸಾರ್ ಎಷ್ಟು ಮರಿ, ಕಣ್ಣು ಬಿಟ್ಟಿವೆಯೇ ಎಂದೆಲ್ಲ ಕೇಳಿ ದೂರಿನ ಪುಸ್ತಕದಲ್ಲಿ ಬರೆದುಕೊಂಡರು. ಐದು ಎಂದು ಹೇಳುವಾಗ ನಗು ತಡೆಯಲಾಗದೆ ಸಿಕ್ಕಿಬಿದ್ದೆ. ಅದಾದ ಮೇಲೂ ಎರಡು ಸಲ ಅದೇ ದನಿಯಲ್ಲಿ ಅವರನ್ನು ಬೇಸ್ತು ಬೀಳಿಸಿದೆ. ಮೂರನೇ ಸಲಕ್ಕೆ ಸಾರ್ ಜಾಣರಾದರು. ಅವರು ಜಾಣರಾದದ್ದೇ ಈ ಕಥೆಯ ಕಷ್ಟ.

ಹಗರೆಯಲ್ಲಿದ್ದುದು ಒಂದು ಖಾಸಗಿ ಹಸು ತಳಿ ಕೇಂದ್ರ. ಡಾಕ್ಟರ್ ತಿಮ್ಮೇಗೌಡರು ಎಂಬ ಪಶುವೈದ್ಯರು ನಡೆಸುತ್ತಿದ್ದರು. ಸುತ್ತಲ ಹಳ್ಳಿಗಳ ಯಾವ ಹಸು ಯಾವ ಹೋರಿಯ ಮಗಳು, ಅದರ ತಾಯಿ ಯಾವುದು, ಅಜ್ಜಿ ಎಷ್ಟು ಹಾಲು ಕೊಡುತ್ತಿತ್ತು ಎಂದು ಮೂವತ್ತು ವರ್ಷ ನೋಟುಪುಸ್ತಕಗಳಲ್ಲಿ ಬರೆದಿಟ್ಟವರು. ಆ ವಂಶಾವಳಿ ನೋಡದೆ ಅವರು ಯಾವ ಹಸುವಿಗೂ ಗರ್ಭ ಕಟ್ಟಿಸುವ ಸೂಜಿ ಹಾಕುತ್ತಿರಲಿಲ್ಲ; ತಂದೆಯದೇ ಬೀಜ ಮಗಳಿಗೆ ಹೋದರೆ ಕರು ಹುಟ್ಟುತ್ತಲೇ ನರಳುತ್ತದೆ. ಯಾವುದೋ ದಾನಿಗಳು ಅವರಿಗೆ ಆರು ಡಿಸ್ಕಿನ ದೊಡ್ಡ ಸರ್ವರ್ ಕೊಡಿಸಿದರು. ಪದ್ಮಾವತಿಯವರು ಮೂರು ವರ್ಷ ಕೂತು ಆ ಪುಸ್ತಕಗಳನ್ನೆಲ್ಲ ಅದಕ್ಕೆ ತುಂಬಿದರು, ಒಂದೊಂದು ಹಸುವಿನ ಫೋಟೋ ಸಮೇತ. ತುಂಬಿ ಮುಗಿದ ಮೇಲೆ ಉಗ್ರಾಣಕ್ಕೆ ಹೋದ ಪುಸ್ತಕಗಳನ್ನು ಒಂದೇ ಮಳೆಗಾಲದಲ್ಲಿ ಗೆದ್ದಲು ಓದಿ ಮುಗಿಸಿತು. ಅಲ್ಲಿಗೆ ಮೂವತ್ತು ವರ್ಷ ಪೂರ್ತಿ ಆ ಆರು ಡಿಸ್ಕುಗಳ ಮೇಲೆ ಕೂತಿತ್ತು.

ಆ ಡಿಸ್ಕುಗಳನ್ನು ಜೋಡಿಸಿದವನು ನಾನು. ಹೊಸಬರು ಇಲ್ಲಿ ಸ್ವಲ್ಪ ಗಮನವಿಡಿ, ಇಡೀ ಬರಹದಲ್ಲಿ ಉಪಯೋಗಕ್ಕೆ ಬರುವ ಮಾತು ಇದೊಂದೇ.

ದಪ್ಪ ಪುಸ್ತಕವೊಂದನ್ನು ಕಾಪಾಡಲು ಆರು ಜನರನ್ನು ನೇಮಿಸಿದ್ದೀರಿ ಎಂದುಕೊಳ್ಳಿ. ಅವರನ್ನು ಮೂರು ಜೋಡಿ ಮಾಡಿ. ಮೊದಲ ಪುಟ ಒಂದನೇ ಜೋಡಿಗೆ, ಎರಡನೆಯದು ಎರಡನೇ ಜೋಡಿಗೆ, ಮೂರನೆಯದು ಮೂರನೇ ಜೋಡಿಗೆ, ನಾಲ್ಕನೇ ಪುಟ ಮತ್ತೆ ಒಂದನೇ ಜೋಡಿಗೆ, ಹೀಗೆ ಹಂಚಿ. ಗಂಡ ಬರೆದುಕೊಂಡದ್ದನ್ನೇ ಹೆಂಡತಿಯೂ ಬರೆದುಕೊಳ್ಳುತ್ತಾಳೆ. ಒಬ್ಬರು ತೀರಿಕೊಂಡರೆ ಅದೇ ಪುಟಗಳು ಇನ್ನೊಬ್ಬರ ಬಳಿ ಇರುತ್ತವೆ. ಖಾಲಿ ಜಾಗಕ್ಕೆ ಹೊಸಬರನ್ನು ಕೂರಿಸಿದರೆ ಉಳಿದವರನ್ನು ನೋಡಿ ನಕಲು ಮಾಡಿಕೊಳ್ಳುತ್ತಾರೆ. ಜೋಡಿಗೊಬ್ಬರಂತೆ ಮೂವರು ಹೋದರೂ ಪುಸ್ತಕಕ್ಕೆ ಏನೂ ಆಗದು. ಆದರೆ ಒಂದೇ ಜೋಡಿಯ ಇಬ್ಬರೂ ಹೋದರೆ ಮೂರು ಪುಟಕ್ಕೊಂದು ಪುಟ ಮಾಯ. ಉಳಿದ ನಾಲ್ವರು ಗಟ್ಟಿಮುಟ್ಟಾಗಿದ್ದೂ ಏನೂ ಉಪಯೋಗವಿಲ್ಲ.

ನಂಜುಂಡಯ್ಯ ಸಾರ್‌ಗೆ ಈ ಜೋಡಿ ಪದ್ಧತಿ ಹಿಡಿಸಲಿಲ್ಲ. ಅವರದು ಪಂಕ್ತಿ. ಮೂವರನ್ನು ಒಂದು ಸಾಲಿನಲ್ಲಿ ಕೂರಿಸಿ ಇಡೀ ಪುಸ್ತಕ ಹಂಚಿಕೊಡು, ಎದುರು ಸಾಲಿನಲ್ಲಿ ಮೂವರನ್ನು ಕೂರಿಸಿ ಅದನ್ನೇ ನಕಲು ಮಾಡಿಸು, ಎಲ್ಲ ಅಷ್ಟೇ ಅಲ್ಲವೇನೋ ಎಂದರು. ಎಣಿಸಿದರೆ ಆರೇ ಜನ, ನಿಜ. ಆದರೆ ಪಂಕ್ತಿಯ ನಿಯಮ ಬೇರೆ. ಒಬ್ಬ ಎದ್ದರೆ ಆ ಸಾಲಿನಲ್ಲಿ ಗಟ್ಟಿಯಾಗಿದ್ದ ಇನ್ನಿಬ್ಬರೂ ಕೈತೊಳೆಯಲು ಹೋಗಬೇಕು. ಆಮೇಲೆ ಎದುರು ಸಾಲಿನಲ್ಲಿ ಯಾರೊಬ್ಬರು ಎದ್ದರೂ ಊಟ ಮುಗಿಯಿತು. ಇದನ್ನೆಲ್ಲ ಸಾರ್‌ಗೆ ವಿವರಿಸಿ ಗೆದ್ದೆ ಎಂದು ಬರೆಯಲು ಆಸೆಯಿದೆ. ನಡೆದದ್ದು ಬೇರೆ. 'ಆಗಲಿ ಸಾರ್' ಎಂದು ಹಗರೆಗೆ ಹೋದೆ, ಪರದೆಯ ಮೇಲಿನ ಪಟ್ಟಿಯಲ್ಲಿ ಜೋಡಿ ಮೊದಲನೆಯದಾಗಿತ್ತು, ಬಸ್ಸಿಗೆ ಹೊತ್ತಾಗಿತ್ತು, ಅದನ್ನೇ ಒತ್ತಿ ಬಂದೆ. ಸಾರ್‌ಗೆ ಪಂಕ್ತಿಯನ್ನೇ ಹಾಕಿದ್ದೇನೆ ಎಂದು ವರದಿ ಮಾಡಿದೆ. ಒಂದೇ ಒಂದು ಶಿಸ್ತಿನ ಕೆಲಸ ಮಾಡಿದ್ದೆ: ಸರ್ವರಿನ ಆರು ಗೂಡುಗಳ ಕೆಳಗೆ 'ಒಂದನೇ ಜೋಡಿ ಗಂಡ', 'ಒಂದನೇ ಜೋಡಿ ಹೆಂಡತಿ' ಎಂದು ಮೂರನೇ ಜೋಡಿಯವರೆಗೂ ಚೀಟಿ ಅಂಟಿಸಿದ್ದೆ. ಯಾವುದಾದರೂ ಕೆಟ್ಟರೆ ಅದರ ಜೊತೆಗಾರ ಯಾರು ಎಂದು ತಕ್ಷಣ ತಿಳಿಯಲಿ ಎಂದು.

ನಾಲ್ಕು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಸೋಮವಾರ, ನಾನು ಬೇಲೂರಿನಲ್ಲಿ ಯಾರದೋ ಮಾನಿಟರ್ ಬಿಚ್ಚಿಕೊಂಡು ಕೂತಿದ್ದಾಗ, ಹಗರೆಯ ಸರ್ವರಿನ ಒಂದು ದೀಪ ಕೆಂಪಾಗಿ ಯಂತ್ರ ಕೂಗತೊಡಗಿತು. ಪದ್ಮಾವತಿಯವರು ಅರಸೀಕೆರೆಗೆ ಫೋನ್ ಮಾಡಿದರು. ಗಂಟಲು ಸರಿಮಾಡಿಕೊಂಡರು. 'ನಮಸ್ಕಾರ, ನಾನು ಪದ್ಮಾವತೀ' ಅಂದರು. ನಂಜುಂಡಯ್ಯ ಸಾರ್ ಆ ಕಡೆಯಿಂದ, "ಆಹಾ, ಬಂದ್ಲು ನಮ್ಮ ಪದ್ಮಾವತಿ. ಏನ್ಲಾ, ಇವತ್ತು ಎಷ್ಟು ಮರಿ ಹಾಕ್ತು? ಇಡ್ಲಾ ಫೋನು, ಕೋತಿ ನನ್ಮಗನೆ" ಅಂದು ಇಟ್ಟುಬಿಟ್ಟರು.

ಪದ್ಮಾವತಿಯವರು ಒಂದು ದಿನ ಸುಮ್ಮನಿದ್ದರು. ದೊಡ್ಡವರು, ಏನೋ ಬೇಜಾರಿನಲ್ಲಿರಬೇಕು ಎಂದುಕೊಂಡರಂತೆ. ಮಂಗಳವಾರ ಮತ್ತೆ ಫೋನ್ ಮಾಡಿ, ಯಂತ್ರ ನಿನ್ನೆಯಿಂದ ಕೂಗುತ್ತಲೇ ಇದೆ, ಏನು ಮಾಡಲಿ ಸಾರ್ ಎಂದು ಕೇಳಿದರು. ಸ್ವಿಚ್ ಆರಿಸಿ ಮನೆಗೆ ಹೋಗಿ ಮಲಗಲು ಸಾರ್ ಹೇಳಿದರು. ಪದ್ಮಾವತಿಯವರು ಹೇಳಿದಂತೆ ಕೇಳುವ ಹೆಂಗಸು. ಸ್ವಿಚ್ ಆರಿಸಿದರು. ಕೇಂದ್ರದ ದಾಖಲೆ ಪುಸ್ತಕದಲ್ಲಿ, 'ಅರಸೀಕೆರೆ ಕಚೇರಿಯ ಸಲಹೆಯ ಮೇರೆಗೆ ಯಂತ್ರವನ್ನು ನಿಲ್ಲಿಸಲಾಗಿದೆ. ಮಲಗುವ ಬಗ್ಗೆಯೂ ಸಲಹೆ ಬಂದಿದೆ' ಎಂದು ಬರೆದು ಸಹಿ ಹಾಕಿದರು.

ಗುರುವಾರ ಕೇಂದ್ರದ ಅಟೆಂಡರ್ ಮರಿಯಪ್ಪ ಡಾಕ್ಟರ ಪತ್ರ ಹಿಡಿದು ಎರಡು ಬಸ್ಸು ಬದಲಿಸಿ ಅರಸೀಕೆರೆಯ ನಮ್ಮ ಮಹಡಿ ಹತ್ತಿ ಬಂದರು. ಸಾರ್ ಪತ್ರ ಓದಿದರು. ಎದುರಿಗೆ ನಾನು ಕೂತಿದ್ದೆ. ಅವರು ಪತ್ರವನ್ನೂ ನನ್ನನ್ನೂ ಎರಡು ಸಲ ನೋಡಿದರು. ಆ ಮುಖವನ್ನು ಇಷ್ಟು ವರ್ಷವಾದರೂ ನನಗೆ ಅಣಕಿಸಲು ಬಂದಿಲ್ಲ.

"ಸೋಮವಾರ ಫೋನ್ ಮಾಡಿದ್ದು ನೀನಲ್ವಾ?"

"ಅಲ್ಲ ಸಾರ್."

"ಮಂಗಳವಾರ?"

ಅದೂ ಅಲ್ಲ ಎಂದು ತಲೆಯಾಡಿಸಿದೆ. ಸಾರ್ ಬೀರು ತೆಗೆದು, ಕಚೇರಿಯಲ್ಲಿ ಉಳಿದಿದ್ದ ಒಂದೇ ಹೊಸ ಡಿಸ್ಕನ್ನು ನನ್ನ ಕೈಗಿಟ್ಟರು. ಹಳೇಬೀಡಿನವರೆಗೂ ಮರಿಯಪ್ಪ ನನ್ನ ಪಕ್ಕದಲ್ಲಿ ಕೂತು, ನಿಮ್ಮ ಸಾಹೇಬ್ರಿಗೆ ಮನೇಲಿ ಏನಾದ್ರೂ ತೊಂದ್ರೆ ಐತಾ ಸಾ ಎಂದು ಮೂರು ಸಲ ಕೇಳಿದರು. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ.

ಹಗರೆಯಲ್ಲಿ ಸರ್ವರಿನ ಸ್ವಿಚ್ ಹಾಕಿದೆ. ಒಂದಲ್ಲ, ಎರಡು ದೀಪ ಕೆಂಪಾದವು. ಇದು ಡಿಸ್ಕುಗಳ ಹಳೆಯ ಚಾಳಿ. ವರ್ಷಗಟ್ಟಲೆ ನಿಲ್ಲದೆ ತಿರುಗುತ್ತಿರುತ್ತವೆ. ಎರಡು ದಿನ ಆರಿಸಿಟ್ಟರೆ ಮತ್ತೆ ಏಳುವುದಿಲ್ಲ. ಯಾವ ಗೂಡು ಎಂದು ಬಗ್ಗಿ ಚೀಟಿ ನೋಡಿದೆ. 'ಒಂದನೇ ಜೋಡಿ ಗಂಡ.' ಕೆಂಪಾದ ಇನ್ನೊಂದು ಅದರ ಪಕ್ಕದ್ದೇ, 'ಒಂದನೇ ಜೋಡಿ ಹೆಂಡತಿ.' ಪರದೆಯ ಮೇಲೆ ಏನು ಬರುತ್ತದೆ ಎಂದು ನೋಡಲೂ ಧೈರ್ಯ ಸಾಲದೆ ಸ್ವಿಚ್ ಆರಿಸಿಬಿಟ್ಟೆ.

ಇನ್ನು ಉಳಿದದ್ದು ಟೇಪು. ಡಿಸ್ಕು ಎಷ್ಟೇ ಜೋಡಿ ಇರಲಿ, ಮಾಹಿತಿಯ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು. ಅದಕ್ಕೆಂದೇ ಪ್ರತಿ ಶನಿವಾರ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಟೇಪಿಗೆ ಎಲ್ಲವನ್ನೂ ಇಳಿಸಿಡುವ ಏರ್ಪಾಡು ಮಾಡಿದ್ದೆ. ಟೇಪು ತನ್ನಿ ಎಂದೆ. ಮರಿಯಪ್ಪ ಹೆಮ್ಮೆಯಿಂದ ಒಳಗೆ ಕರೆದುಕೊಂಡು ಹೋದರು. ಹೋರಿಗಳ ಬೀಜದ ಕಡ್ಡಿಗಳನ್ನು ಇಡುವ ದ್ರವ ಸಾರಜನಕದ ಕ್ಯಾನಿನ ಮುಚ್ಚಳ ತೆಗೆದರು. ಬಿಳಿ ಹೊಗೆ ಎದ್ದಿತು. ಉದ್ದನೆಯ ಇಕ್ಕುಳ ಇಳಿಬಿಟ್ಟು ನನ್ನ ಟೇಪನ್ನು ಮೇಲೆತ್ತಿದರು. ಅದು ಇಕ್ಕುಳದಿಂದ ಜಾರಿ ನೆಲಕ್ಕೆ ಬಿದ್ದು ಹಪ್ಪಳದಂತೆ ಪುಡಿಯಾಯಿತು.

"ಅಲ್ಲಿ ಯಾಕಿಟ್ರಿ ಮರಿಯಪ್ಪ?"

"ನೀವೇ ಅಂದ್ರಲ್ಲ ಸಾ. ತಂಪಾಗಿರ್ಬೇಕು, ಯಾರ ಕೈಗೂ ಸಿಗಬಾರ್ದು ಅಂತ. ಹೋದ ಶನಿವಾರ ಇಲ್ಲಿಗೆ ಇಳಿಸ್ದೆ. ಇದಕ್ಕಿಂತ ತಂಪು ಈ ತಾಲ್ಲೂಕಲ್ಲೇ ಇಲ್ಲ."

ನಾನು ಹೇಳಿದ್ದು ಅಕ್ಷರಶಃ ಅದೇ. ಡಾಕ್ಟರ ಕೋಣೆಗೆ ಹೋಗಿ ನಿಂತೆ. ಒಂದು ಜೋಡಿ ಪೂರ್ತಿ ಹೋಗಿದೆ, ಟೇಪೂ ಇಲ್ಲ ಎಂದು ಹೇಳಿದೆ. ತಿಮ್ಮೇಗೌಡರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಸು ಸತ್ರೆ ರೈತನಿಗೆ ಹೆಂಗೆ ಹೇಳ್ಬೇಕು ಅಂತ ನಂಗೊತ್ತು ಕಣಯ್ಯಾ," ಅಂದರು. "ಬದುಕಿರೋ ಹಸೂಗೆ ಅಪ್ಪ ಯಾರು ಅಂತ ಮರ್ತೋಯ್ತು ಅಂತ ಹೆಂಗೆ ಹೇಳ್ಲಿ?" ಹೊರಗೆ ಬೇವಿನ ಮರಕ್ಕೆ ಹಸು ಕಟ್ಟಿಕೊಂಡು ಇಬ್ಬರು ರೈತರು ಬೆಳಗಿನಿಂದ ಕಾಯುತ್ತಿದ್ದರು. ಡಾಕ್ಟರ್ ಅವರಿಗೆ ನಾಳೆ ಬನ್ನಿ ಎಂದೂ ಹೇಳಲಿಲ್ಲ. ನಾಳೆಗೂ ಹೇಳಲು ಏನಿತ್ತು?

ಬಾಗಿಲಲ್ಲಿ ನಿಂತಿದ್ದ ಪದ್ಮಾವತಿಯವರು ಗಂಟಲು ಸರಿಮಾಡಿಕೊಂಡರು. "ಒಂದು ವಿಷಯ ಇದೆ. ಬೈಯಬಾರ್ದು." ಆಯುಧಪೂಜೆಯ ದಿನ ಸರ್ವರ್ ನಿಲ್ಲಿಸಿ ಆರೂ ಡಿಸ್ಕು ಹೊರಗೆ ತೆಗೆದರಂತೆ. ಒದ್ದೆ ಬಟ್ಟೆಯಲ್ಲಲ್ಲ, ಒಣ ಬಟ್ಟೆಯಲ್ಲೇ ಒರೆಸಿ, ಬಾಳೆಲೆ ಮೇಲೆ ಸಾಲಾಗಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಮತ್ತೆ ಗೂಡಿಗೆ ಹಾಕಿದರಂತೆ.

ಯಾವುದು ಯಾವ ಗೂಡಿನದು ಎಂದು ನೋಡಿಕೊಂಡಿರಾ ಎಂದು ಕೇಳಿದೆ.

"ಮರಿಯಪ್ಪನೋರು ಕುಂಕುಮ ಯಾವುದಕ್ಕೆ ಚೆನ್ನಾಗಿ ಬಿದ್ದಿತ್ತೋ ಅದನ್ನ ಮೊದಲು ಹಾಕಿದ್ರು. ಆನ್ ಮಾಡ್ದಾಗ ಏನೋ ಕೇಳ್ತು, ಹೌದು ಅಂತ ಒತ್ತಿದೆ. ಎಲ್ಲಾ ಸರಿಯಾಗೇ ಇತ್ತು. ಅದಕ್ಕೇ ನಿಮಗೆ ಹೇಳ್ಲಿಲ್ಲ."

ಅಲ್ಲೇ ನನಗೆ ಆಸೆ ಹುಟ್ಟಿತು. ಆ ಸರ್ವರ್ ಡಿಸ್ಕು ಯಾವ ಗೂಡಿನಲ್ಲಿದೆ ಎಂದು ನೋಡುತ್ತಿರಲಿಲ್ಲ. ಪ್ರತಿ ಡಿಸ್ಕಿನ ಮೈಮೇಲೂ ನೀನು ಇಂಥ ಜೋಡಿಯವನು ಎಂದು ತಾನೇ ಬರೆದುಕೊಂಡಿರುತ್ತಿತ್ತು. ಎಲ್ಲಿ ಕೂರಿಸಿದರೂ ಗುರುತು ಹಿಡಿಯುತ್ತಿತ್ತು. ಅಂದರೆ ಆಯುಧಪೂಜೆಯಿಂದೀಚೆಗೆ ನನ್ನ ಆರು ಚೀಟಿಗಳೂ ಸುಳ್ಳು. ಗಂಡನ ಗೂಡಿನಲ್ಲಿ ಸತ್ತವನು ಪಕ್ಕದ ಗೂಡಿನವಳ ಗಂಡನೇ ಅಲ್ಲದಿರಬಹುದು. ಎಲ್ಲರೂ ಓಡಿದೆವು. ಸ್ವಿಚ್ ಹಾಕಿದೆ, ಈ ಸಲ ದೀಪ ಬಿಟ್ಟು ಪರದೆ ನೋಡಿದೆ. ಮೊದಲು ಓದಿದವರು ಪದ್ಮಾವತಿಯವರೇ. ಒಂದನೇ ಜೋಡಿಯಲ್ಲಿ ಒಂದು ಇಲ್ಲ, ಮೂರನೇ ಜೋಡಿಯಲ್ಲಿ ಒಂದು ಇಲ್ಲ, ಎರಡನೆಯದು ಪೂರ್ತಿ ಇದೆ. ಮಾಹಿತಿ ಬದುಕಿತ್ತು. ಸಾರ್ ಹೇಳಿದ ಪಂಕ್ತಿ ಹಾಕಿದ್ದರೆ, ಆ ಇಬ್ಬರು ಎದುರುಬದುರು ಸಾಲಿನವರಾಗಿದ್ದ ಪಕ್ಷದಲ್ಲಿ, ಎಲೆ ಎತ್ತುವುದಷ್ಟೇ ಬಾಕಿ. ಎಚ್ಚರದಿಂದ ಅಂಟಿಸಿದ ನನ್ನ ಚೀಟಿ ಸುಳ್ಳು ಹೇಳಿತು, ಅವಸರದಲ್ಲಿ ಒತ್ತಿದ ಗುಂಡಿ ಕಾಪಾಡಿತು. ಇದರಿಂದ ಯಾವ ನೀತಿ ತೆಗೆಯಬೇಕೋ ನನಗೆ ಇಂದಿಗೂ ತಿಳಿದಿಲ್ಲ. ದೀಪಕ್ಕಿಂತ, ಚೀಟಿಗಿಂತ ಮೊದಲು ಪರದೆ ಓದಿ, ಅಷ್ಟೇ.

ಗಂಡಾಂತರವಂತೂ ಕಳೆದಿರಲಿಲ್ಲ. ಎರಡು ಜೋಡಿಗಳಲ್ಲಿ ಒಂಟಿಯಾಗಿ ಉಳಿದ ಇಬ್ಬರಲ್ಲಿ ಯಾರೊಬ್ಬರು ನಿಂತರೂ ಎಲ್ಲ ಮುಗಿಯುತ್ತಿತ್ತು. ಅವರೂ ಸತ್ತವರ ಓರಗೆಯವರೇ. ಇದ್ದ ಒಂದೇ ಟೇಪು ಪುಡಿಯಾಗಿತ್ತು, ಅಷ್ಟು ಫೋಟೋಗಳನ್ನು ಇಳಿಸಿಡಲು ಬೇರೆ ಜಾಗ ಹಗರೆಯಲ್ಲಿ ಇರಲಿಲ್ಲ. ನನ್ನ ಬಳಿ ಇದ್ದದ್ದು ಒಂದೇ ಹೊಸ ಡಿಸ್ಕು. ಕೆಟ್ಟದ್ದರಲ್ಲಿ ಒಂದನ್ನು ಎಳೆದು ಅದನ್ನು ಕೂರಿಸಿದೆ. ನಕಲು ಶುರುವಾಯಿತು. ನೂರಕ್ಕೆ ಒಂದು. ನೂರಕ್ಕೆ ಎರಡು. ಅರವತ್ತಾದಾಗ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿಗೆ ಭಾರ ಕಮ್ಮಿಯಾಗಲಿ ಎಂದು ಮರಿಯಪ್ಪ ಅದಕ್ಕೆ ಸೇರಿಸಿದ್ದ ಬೇರೆಲ್ಲವನ್ನೂ ಕಿತ್ತರು, ದೇವರ ಪಟದ ಕೆಂಪು ಬಲ್ಬನ್ನೂ ಬಿಡದೆ. ಡಾಕ್ಟರ್ ಪರದೆಯ ಮುಂದೆ ಬಗ್ಗಿ, ಕಷ್ಟದ ಹೆರಿಗೆಯಲ್ಲಿ ಹಸುವಿಗೆ ಹೇಳುವಂತೆ ಮೆತ್ತಗೆ ಏನೋ ಹೇಳುತ್ತಿದ್ದರು. ಎಪ್ಪತ್ತೊಂದಕ್ಕೆ ಕರೆಂಟು ಬಂತು. ಸಂಜೆ ನಾಲ್ಕರ ಹೊತ್ತಿಗೆ ಒಂದು ದೀಪ ಹಸಿರಾಯಿತು.

ಆಗ ಪದ್ಮಾವತಿಯವರು ದಾಖಲೆ ಪುಸ್ತಕ ತೆರೆದು ನನ್ನ ಮುಂದಿಟ್ಟರು. "ನಿಮ್ಮ ಸಾರ್ ನನಗ್ಯಾಕೆ ಹಾಗಂದ್ರು?"

ಬಾಯಿಗೆ ಬಂದದ್ದು ಸುಳ್ಳು, ಅದೂ ಅಭ್ಯಾಸಬಲದಿಂದ ಸಾರ್ ಮೂಗಿನ ದನಿಯಲ್ಲಿ. ಅವರು ನಗಲಿಲ್ಲ. ನಿಮ್ಮ ದನಿಯಲ್ಲೇ ಹೇಳಿ ಎಂದರು. ಹೇಳಿದೆ. ಇಲಿಮರಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಡಾಕ್ಟರ ಮುಖ ನೋಡಲಾಗಲಿಲ್ಲ. ಮೂವತ್ತು ವರ್ಷದ ಅವರ ದುಡಿಮೆ ಸಾಯಲು ಹೊರಟದ್ದು ಡಿಸ್ಕಿನಿಂದಲ್ಲ, ನನ್ನ ತಮಾಷೆಯಿಂದ.

ಪದ್ಮಾವತಿಯವರು, 'ಒಂದು ಸಲ ನನ್ನ ದನಿ ಮಾಡಿ ತೋರಿಸಿ' ಎಂದರು. ಬೇಡ ಮೇಡಂ ಎಂದೆ. ಬಿಡಲಿಲ್ಲ. ಮಾಡಿದೆ. ಅವರು ಪೂರ್ತಿ ಕೇಳಿದರು.

"ಅಷ್ಟು ಎಳೀತೀನಾ ನಾನು?"

"ಇನ್ನೂ ಜಾಸ್ತಿ ಕಣಮ್ಮ," ಅಂದರು ಡಾಕ್ಟರ್. ಆಮೇಲೆ ತಾವೇ ಅರಸೀಕೆರೆಗೆ ಫೋನ್ ಹಚ್ಚಿ, ಇನ್ನೊಂದು ಡಿಸ್ಕು ಬೇಕು, ನೀವೇ ತರಬೇಕು ಎಂದರು. ಮಾತಾಡುತ್ತಿರುವುದು ನಿಜವಾಗಿ ಡಾಕ್ಟರೇನಾ ಎಂದು ಸಾರ್ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರಂತೆ.

ಮಾರನೆಯ ದಿನ ನಂಜುಂಡಯ್ಯ ಸಾರ್ ಬಂದರು. ತುಮಕೂರಿನಿಂದ ಬೆಳಗಿನ ರೈಲಿಗೆ ತರಿಸಿದ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತಿದ್ದರಂತೆ. ತಟ್ಟದೆ ಗೂಡಿಗೆ ಹಾಕಿದರು. ನಕಲು ಶುರುವಾಯಿತು. ಊಟ ಮಾಡಿದೆವು, ಕಾಫಿ ಕುಡಿದೆವು, ಸಾರ್ ಪದ್ಮಾವತಿಯವರ ಕಡೆ ನೋಡದೆ ಗೋಡೆಯ ಮೇಲಿನ ಹೋರಿಗಳ ಚಿತ್ರಗಳನ್ನೇ ನೋಡುತ್ತ ಕಾಲ ಕಳೆದರು. ತೊಂಬತ್ತು ದಾಟಿದಾಗ ಎದ್ದು ನಿಂತರು.

"ತಪ್ಪಾಯ್ತು ತಾಯಿ. ನಿಮ್ಮನ್ನ ಅಂದಿದ್ದಲ್ಲ ಅದು."

"ನನಗೆ ಗೊತ್ತು ಸಾರ್. ಇವರಿಗೆ ಅಂದಿದ್ದು. ನನ್ನ ಕಿವಿಗೆ ಬಂತು ಅಷ್ಟೇ." ಅವರು ಸಾರ್‌ಗೆ ಕುರ್ಚಿ ತೋರಿಸಲಿಲ್ಲ. "ಹಾಗಾಗಿ ಅದು ಇವರಿಗೆ ಸಿಕ್ಕೇ ಇಲ್ಲ. ಒಂದು ಸಲ ನನ್ನೆದುರಿಗೆ ಕೊಟ್ಟುಬಿಡಿ. ಒಂದಕ್ಷರ ಬಿಡಬೇಡಿ."

ಸಾರ್ ಮೊದಲು ಸಂಕೋಚಪಟ್ಟರು. ಕೋತಿ ನನ್ಮಗನೆ ಎಂಬುದನ್ನು ಮೆಲ್ಲಗೆ ಹೇಳಿದರು. ಕೇಳಿಸಲಿಲ್ಲ ಎಂದರು ಪದ್ಮಾವತಿಯವರು. ಎರಡನೇ ಸಲಕ್ಕೆ ದನಿ ಬಂತು. ಸೋಮವಾರದ್ದು ಮುಗಿಸಿ ಮಂಗಳವಾರಕ್ಕೆ ಬರುವಷ್ಟರಲ್ಲಿ ಉತ್ಸಾಹ ಹೆಚ್ಚಿ, ಫೋನಿನಲ್ಲಿ ಹೇಳದಿದ್ದುದನ್ನೂ, ಇಷ್ಟು ವರ್ಷ ಕೂಡಿಟ್ಟಿದ್ದನ್ನೂ ಸೇರಿಸಿದರು. ಪಂಕ್ತಿಯ ಬದಲು ಜೋಡಿ ಹಾಕಿದ್ದು ಹಿಂದಿನ ದಿನ ಡಾಕ್ಟರ ಫೋನಿನಲ್ಲೇ ಅವರ ಕಿವಿಗೆ ಬಿದ್ದಿತ್ತು, ಅದೂ ಬಂತು. ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತರು. ಮರಿಯಪ್ಪ ಅಂದೂ ಬಂದು ಹೊರಗಿದ್ದ ಆ ಇಬ್ಬರು ರೈತರನ್ನೂ ಕಿಟಕಿಗೆ ಕರೆದರು. ನಾನು ಕೈಕಟ್ಟಿ ನಿಂತು, ಒಂದೊಂದು ಮಾತಿಗೂ ನನ್ನ ಸ್ವಂತ ದನಿಯಲ್ಲಿ 'ಹೌದು ಸಾರ್' ಎನ್ನುತ್ತಿದ್ದೆ.

ಆರನೇ ದೀಪ ಹಸಿರಾಯಿತು. ಪದ್ಮಾವತಿಯವರು ಪರದೆ ಓದಿ, ಮೂರೂ ಜೋಡಿ ಸರಿಯಿದೆ ಎಂದು ದಾಖಲೆ ಪುಸ್ತಕದಲ್ಲಿ ಬರೆದುಕೊಂಡು, ಕೈಯೆತ್ತಿದರು.

"ಸಾಕು ಸಾರ್. ತಲುಪ್ತು."